ಬೀಳು ಹೊಲದಲ್ಲಿ ಹಕ್ಕಿ ಎಣಿಸಿದ್ದು

ದೇವನಹಳ್ಳಿ ಕಡೆ ನನ್ನದೊಂದು ಹೊಲ ಇತ್ತು. ನನ್ನದು ಅಂದರೆ ಹಕ್ಕಿ ನೋಡೋಕೆ ಮಾತ್ರ, ಪಹಣಿ ಬೇರೆಯವರ ಹೆಸರಲ್ಲಿತ್ತು. ಅರ್ಧ ರಾಗಿ, ಅರ್ಧ ಬೀಳು. ಮೊದಲ ದಿನ ಬೈನಾಕ್ಯುಲರ್ ಹಿಡಿದು ನಿಂತಿದ್ದಾಗ ದನ ಹೊಡೆದುಕೊಂಡು ಬಂದ ತಾತ ಕೇಳಿದರು, "ಅಲ್ಲೇನೈತೆ ಸಾ ನೋಡೋಕೆ? ಬರೀ ಬೀಳು."

ಅದೇ ಬೀಳಿನಲ್ಲಿ ಒಂದು ಏಪ್ರಿಲ್ ಬೆಳಗ್ಗೆ ಹಳದಿ ಟಿಟ್ಟಿಭದ ಗೂಡು ಸಿಕ್ಕಿತು. ಗೂಡು ಅನ್ನೋಕೆ ಏನಿಲ್ಲ, ನೆಲದಲ್ಲಿ ಅಂಗೈಯಗಲದ ತಗ್ಗು, ಸುತ್ತ ಒಂದಿಷ್ಟು ಕಲ್ಲುಚೂರು. ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಮುಖ. ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಕಲೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಚಪ್ಪಲಿ ಕೆಳಗೆ ಹೋಗುತ್ತಿತ್ತು. ಆಮೇಲೆ ನಾನು ಬದು ಬಿಟ್ಟು ಇಳಿಯಲೇ ಇಲ್ಲ.

ತಿಂಗಳಿಗೆ ಎರಡು ಭಾನುವಾರ, ಬೆಳಗ್ಗೆ 6.30ಕ್ಕೆ, ಅದೇ ಬೇವಿನ ಮರದ ಹತ್ತಿರ 15 ನಿಮಿಷ ನಿಂತು ಎಣಿಸಿ, ಕಂಡ ಹಕ್ಕಿಗಳ ಪಟ್ಟಿ ದಾಖಲಿಸೋ ಇ-ಬರ್ಡ್ ಆ್ಯಪ್‌ಗೆ ಹಾಕುತ್ತಿದ್ದೆ. ಶುರುವಿನಲ್ಲಿ ಒಂದು ದಡ್ಡತನ ಮಾಡಿದೆ. ಹಕ್ಕಿ ಹೆಸರು ಬರೆದು, ಎಷ್ಟು ಅನ್ನೋ ಕಡೆ ಸುಮ್ನೆ 'ಎಕ್ಸ್' ಒತ್ತುತ್ತಿದ್ದೆ. ಹಕ್ಕಿ ಇತ್ತು, ಎಷ್ಟು ಅಂತ ಎಣಿಸಿಲ್ಲ ಅಂತ ಅದರರ್ಥ. ಎಣಿಸೋಕೆ ಸೋಮಾರಿತನ, ಅಷ್ಟೇ.

ಹೊಲ ಲೇಔಟ್ ಆದಾಗ ಆ ಸೋಮಾರಿತನದ ಬೆಲೆ ತಿಳಿಯಿತು. ಜೆಸಿಬಿ ಬಂತು, ಬದು ಹೋಯಿತು, ಸೈಟು ಕಲ್ಲು ನೆಟ್ಟರು, ಟಾರು ಹಾಕಿದರು. ಪಟ್ಟಿ ತೆಗೆದು ನೋಡಿದರೆ ಮೊದಲು 22 ಜಾತಿ, ಈಗ 21. ಏನೂ ಆಗಿಲ್ಲ ಅನ್ನಿಸುತ್ತದೆ, ಅಲ್ವಾ? ಹೆಸರು ಓದಿದರೆ ಗೊತ್ತಾಗುತ್ತದೆ. ನೆಲಗುಬ್ಬಿ ಇಲ್ಲ. ಗೌಜಲಹಕ್ಕಿ ಇಲ್ಲ. ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬಂದು ರಾಗಿ ಕೂಳೆ ಮೇಲೆ ತಗ್ಗಾಗಿ ತೇಲುತ್ತಿದ್ದ ಸೆಳೆವ ಅನ್ನೋ ಬೇಟೆಹಕ್ಕಿ ಇಲ್ಲ. ಅವುಗಳ ಜಾಗಕ್ಕೆ ಪಾರಿವಾಳ, ಪಿಕಳಾರ, ಕುಂಡದ ಹೂವಿಗೆ ಬರೋ ಸೂರಕ್ಕಿ. ಕೆಂಪು ಟಿಟ್ಟಿಭ ಮಾತ್ರ ಎರಡು ವರ್ಷ ಜಾಸ್ತಿಯೇ ಇತ್ತು. ಖಾಲಿ ಸೈಟಿನ ಜಲ್ಲಿ ಅದರ ಗೂಡಿಗೆ ಸರಿಹೋಗಿತ್ತು, ಪಾಯ ತೋಡುವ ತನಕ. ಹೊಲವಿದ್ದಾಗ ನೆಲಗುಬ್ಬಿ ಹತ್ತಿದ್ದವೋ ನಲವತ್ತಿದ್ದವೋ ನನ್ನ ಪಟ್ಟಿ ಹೇಳಲ್ಲ. ಅಲ್ಲಿರೋದು 'ಎಕ್ಸ್'.

ಸುಮಾರು 30,000 ಹವ್ಯಾಸಿಗಳ ಇಂಥ ಪಟ್ಟಿಗಳಿಂದಲೇ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬಂತು. ಬಯಲು ಹಕ್ಕಿಗಳು ಕಡಿಮೆಯಾಗುತ್ತಿವೆ ಅಂತ ಅದರಲ್ಲಿದೆ, ನಮ್ಮ ರಾಜ್ಯಪಕ್ಷಿ ನೀಲಕಂಠವೂ ಸೇರಿ. ಅದನ್ನು ಓದಿದ ಮೇಲೆ ತಲೆ ಎಣಿಸದೆ ಮನೆಗೆ ಬಂದಿಲ್ಲ.

ಈಗ ಗೇಟಿನವರು ಒಳಗೆ ಬಿಡಲ್ಲ, ಹೊರಗಿನ ರಸ್ತೆಯಿಂದಲೇ ಎಣಿಸುತ್ತೇನೆ. ಮೊನ್ನೆ ಪಾರಿವಾಳ 46, ಕಾಗೆ 9. ಕಂಡ ಹಕ್ಕಿಯನ್ನೆಲ್ಲ ಹಾಕಿದ್ದೀರಾ ಅಂತ ಕೊನೆಗೆ ಆ್ಯಪ್ ಕೇಳುತ್ತದೆ. ಹೌದು ಅಂದರೆ, ಪಟ್ಟಿಯಲ್ಲಿಲ್ಲದ ಹಕ್ಕಿ ಅವತ್ತು ಕಾಣಲಿಲ್ಲ ಅಂತ ಲೆಕ್ಕ. ನೆಲಗುಬ್ಬಿಗೆ ಇನ್ನೊಂದು ನಿಮಿಷ ಕಾದು, ಹೌದು ಒತ್ತಿದೆ.