ರಾಗಿಯ ಒಣಗಣ್ಣು: ಆಪರೇಷನ್ ಮುಂದೂಡಿ ನಾನು ಮಾಡಿದ್ದು

ನಮ್ಮ ನಾಯಿ ರಾಗಿಯ ಎಡಗಣ್ಣಿನಲ್ಲಿ ಕಣ್ಣೀರು ಅಳೆಯುವ ಕಾಗದದ ಸ್ಟ್ರಿಪ್ ಈಗ 13 ತೋರಿಸುತ್ತದೆ. ಒಂದು ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ಒದ್ದೆಯಾಯಿತು ಅನ್ನುವ ಲೆಕ್ಕ ಅದು, ಹೆಚ್ಚಿದ್ದಷ್ಟೂ ಒಳ್ಳೆಯದು. ಬಲಗಣ್ಣು 15ರ ಆಚೀಚೆ. ಕಳೆದ ವರ್ಷ ಇದೇ ಎಡಗಣ್ಣು 2 ಇತ್ತು, ಒಮ್ಮೊಮ್ಮೆ 1 ಕೂಡ. ಹೋದ ಕಡೆಯೆಲ್ಲ "ಇನ್ನು ಔಷಧಿಗೆ ಬಗ್ಗಲ್ಲ ಸಾರ್, ಆಪರೇಷನ್ ಮಾಡಿಸಿಬಿಡಿ" ಅಂದಿದ್ದರು. ಸಂಜೆ ಮೈದಾನದಲ್ಲಿ ನಾಯಿ ಓಡಾಡಿಸುವ ನಮ್ಮ ಗುಂಪಿನವರಂತೂ ನಾನು ದುಡ್ಡು ಉಳಿಸೋಕೆ ನಾಯಿಯ ಕಣ್ಣು ಕಳೀತಿದೀನಿ ಅಂತ ತೀರ್ಮಾನಿಸಿದ್ದರು. ಈಗ ಅವರೇ ಆಯಿಂಟ್ಮೆಂಟ್ ಹೆಸರು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆದಿಡುತ್ತಿದ್ದೇನೆ.

ರಾಗಿ ಶಿಟ್ಜು ಹೆಣ್ಣು, ಎಂಟು ವರ್ಷ, ತೂಕ ಆರು ಕಿಲೋ ಹತ್ತಿರ. ನಾವಿರುವುದು ತುಮಕೂರಿನಲ್ಲಿ. ಕಣ್ಣಿನ ಸ್ಪೆಷಲಿಸ್ಟ್ ಬೇಕೆಂದರೆ ಬೆಂಗಳೂರಿಗೇ ಹೋಗಬೇಕು. ಎಪ್ಪತ್ತು ಕಿಲೋಮೀಟರ್ ದೂರವೇನಲ್ಲ, ಆದರೆ ನೆಲಮಂಗಲ ದಾಟಿದ ಮೇಲೆ ಇಡೀ ಬೆಳಗ್ಗೆ ಟ್ರಾಫಿಕ್ಕಿಗೇ ಹೋಗುತ್ತದೆ.

ಮೊದಲ ನಾಲ್ಕೈದು ತಿಂಗಳು ಹಾಳಾಗಿದ್ದು ಕಣ್ಣು ಬಂದಿದೆ ಅನ್ನುವ ಹೆಸರಿನಲ್ಲಿ. ಹಳದಿ ಗೀಜು, ಕೆಂಪು, ಬೆಳಗ್ಗೆ ರೆಪ್ಪೆ ಅಂಟಿಕೊಳ್ಳುವುದು. ಆಂಟಿಬಯಾಟಿಕ್ ಡ್ರಾಪ್ಸ್ ಕೊಟ್ಟರು, ವಾರ ಸರಿಯಾಯಿತು, ಮತ್ತೆ ಶುರುವಾಯಿತು. ಬೇರೆ ಡ್ರಾಪ್ಸ್, ಅದೇ ಕಥೆ. ಒಂದು ಕ್ಲಿನಿಕ್ಕಿನಲ್ಲಿ ಸ್ಟೆರಾಯ್ಡ್ ಬೆರೆತ ಡ್ರಾಪ್ಸ್ ಬರೆದುಕೊಟ್ಟರು. ಎರಡೇ ದಿನದಲ್ಲಿ ಕೆಂಪು ಮಾಯ. ನಾನು ಖುಷಿಪಟ್ಟೆ. ಆಮೇಲೆ ಕಣ್ಣು ಬಿಡಲೇ ಇಲ್ಲ. ಫ್ಲೋರೆಸಿನ್ ಬಣ್ಣ ಹಾಕಿ ನೋಡಿದಾಗ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲೆ ಹುಣ್ಣು, ಹಸಿರಾಗಿ ಹೊಳೆಯುತ್ತಿತ್ತು. ನಿಜವಾದ ತೊಂದರೆ ಕಣ್ಣೀರು ಬತ್ತಿದ್ದು, ಆದರೆ ಅಲ್ಲಿಯವರೆಗೆ ಒಬ್ಬರೂ ಸ್ಟ್ರಿಪ್ ಇಟ್ಟು ಕಣ್ಣೀರು ಅಳೆದಿರಲಿಲ್ಲ. ನಿಮಿಷದ ಕೆಲಸ, ಹತ್ತು ರೂಪಾಯಿಯ ಕಾಗದ. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆ ಹುಣ್ಣು ಒಣಗಿಸೋಕೇ ಹನ್ನೆರಡು ಸಾವಿರದಷ್ಟು ಖರ್ಚಾಯಿತು.

ಹುಣ್ಣು ವಾಸಿಯಾದ ಮೇಲೆ ಸೈಕ್ಲೋಸ್ಪೊರಿನ್, ಕಣ್ಣೀರು ಮತ್ತೆ ಬರಿಸುವ ಔಷಧಿ. ಮನುಷ್ಯರ ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡಾ 0.05ರ ಡ್ರಾಪ್ಸ್, ದಿನಕ್ಕೆರಡು ಸಲ. ನಾಯಿಗೆಂದೇ ಮಾಡಿದ ಆಯಿಂಟ್ಮೆಂಟಿನಲ್ಲಿ 0.2 ಇರುತ್ತದೆ, ಅಂದರೆ ನಾವು ಹಾಕುತ್ತಿದ್ದದ್ದು ಅದರ ಕಾಲುಭಾಗ. ಬಲಗಣ್ಣು 6ರಿಂದ 9ಕ್ಕೆ ಏರಿತು. ಎಡಗಣ್ಣು ಅಲ್ಲಾಡಲಿಲ್ಲ. 0.1ಕ್ಕೆ ಹೋದೆವು, ಆಗಲೂ 2. ಕಾರ್ನಿಯಾ ಮೇಲೆ ಕಪ್ಪು ಪದರ ಮೂಗಿನ ಕಡೆಯಿಂದ ಹರಡತೊಡಗಿತ್ತು.

ಆಪರೇಷನ್ ಮಾತು ಬಂದದ್ದು ಆಗ. ಪರೋಟಿಡ್ ಡಕ್ಟ್ ಟ್ರಾನ್ಸ್‌ಪೊಸಿಷನ್. ಕೆನ್ನೆಯೊಳಗಿನ ಜೊಲ್ಲಿನ ನಾಳವನ್ನು ಬಾಯಿಂದ ಬಿಡಿಸಿ, ಚರ್ಮದಡಿ ಮೇಲೆ ಎಳೆದು, ಕೆಳರೆಪ್ಪೆಯ ಒಳಗೆ ಹೊಲಿಯುತ್ತಾರೆ. ಕಣ್ಣೀರಿನ ಬದಲು ಜೊಲ್ಲು. ಒಂದು ಕಣ್ಣಿಗೆ ಐವತ್ತರಿಂದ ಅರವತ್ತು ಸಾವಿರ ಅಂದರು, ಅರಿವಳಿಕೆಗೆ ಮುಂಚಿನ ಟೆಸ್ಟುಗಳು ಬೇರೆ. ಈ ಆಪರೇಷನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಣ್ಣೀರಿನ ಗ್ರಂಥಿ ಪೂರ್ತಿ ಸತ್ತ ನಾಯಿಗಳಿಗೆ ಅದು ಕಣ್ಣು ಉಳಿಸುತ್ತದೆ. ಆದರೆ ನಾನು ಕೂತು ವಿಚಾರಿಸಿದಾಗ ಗೊತ್ತಾದದ್ದು ಬೇರೆ. ಊಟ ಕಂಡಾಗಲೆಲ್ಲ ಆ ಕಣ್ಣಿನಿಂದ ಜೊಲ್ಲು ಧಾರಾಕಾರ. ಮುಖದ ಕೂದಲು ಸದಾ ಒದ್ದೆ, ಚರ್ಮ ಕೆಂಪಗಾಗುತ್ತದೆ. ಜೊಲ್ಲಿನಲ್ಲಿರುವ ಖನಿಜ ಕಾರ್ನಿಯಾ ಮೇಲೆ ಬಿಳಿ ಪುಡಿಯಂತೆ ಕೂರಬಹುದು, ಅದಕ್ಕೆ ಮತ್ತೆ ಔಷಧಿ. ಹಲ್ಲು ಕೊಳೆತಿದ್ದರೆ ಮೊದಲು ಅದನ್ನು ಸರಿಮಾಡಬೇಕು. ರಾಗಿಯ ಹಲ್ಲು ಹೇಗಿತ್ತು ಅಂತ ಕೇಳಬೇಡಿ. ಚಪ್ಪಟೆ ಮೂಗಿನ ನಾಯಿಗೆ ಅರಿವಳಿಕೆ ಅಂದರೆ ಅದೂ ಒಂದು ಭಯ. ಇಷ್ಟೆಲ್ಲ ಆದ ಮೇಲೂ ದಿನಾ ಕಣ್ಣು ನೋಡಿಕೊಳ್ಳುವುದು ತಪ್ಪಲ್ಲ.

ನಾನು ಬೆಂಗಳೂರಿನ ಡಾಕ್ಟರ ಹತ್ತಿರ ಚೌಕಾಸಿ ಮಾಡಿದೆ. "ಡಾಕ್ಟ್ರೇ, ಮೂರು ತಿಂಗಳು ಕೊಡಿ. ಟ್ಯಾಕ್ರೋಲಿಮಸ್ ನೋಡೋಣ." ಅದು ಸೈಕ್ಲೋಸ್ಪೊರಿನ್ ಥರದ್ದೇ ಇನ್ನೊಂದು ಔಷಧಿ. ಅವರು ನಕ್ಕರು. ಎರಡಕ್ಕಿಂತ ಕಡಿಮೆ ಇರುವ ಕಣ್ಣು ಚೇತರಿಸಿಕೊಳ್ಳುವುದು ಕಷ್ಟ ಅಂದರು. ಆದರೆ ಒಪ್ಪಿದರು, ಷರತ್ತಿನ ಮೇಲೆ. ಹುಣ್ಣು ಕಂಡರೆ ಅದೇ ದಿನ ಬರಬೇಕು, ಬಣ್ಣ ಹಾಕಿ ನೋಡಿಸುವುದು ತಪ್ಪಿಸಬಾರದು. ಸಲ್ಫಾ ಅನ್ನುವ ಆಂಟಿಬಯಾಟಿಕ್ ಮಾತ್ರೆ ಹಿಂದೆ ಕೊಟ್ಟಿದ್ದೀರಾ ಅಂತಲೂ ಕೇಳಿದರು. ಅದು ಕಣ್ಣೀರು ನಿಲ್ಲಿಸಬಲ್ಲದು. ನಾವು ಕೊಟ್ಟಿರಲಿಲ್ಲ. ಥೈರಾಯ್ಡ್ ನೋಡಿಸಿದೆವು, ಸರಿ ಇತ್ತು. ಮೂಗಿನ ಹೊಳ್ಳೆ ಮುಟ್ಟಿ ನೋಡಿದರು. ಕಣ್ಣು ಒಣಗಿದ ಕಡೆಯ ಹೊಳ್ಳೆಯೂ ಒಣಗಿ ಬಿರಿದಿದ್ದರೆ ತೊಂದರೆ ನರದ್ದು, ದಾರಿಯೇ ಬೇರೆ. ರಾಗಿಯದು ಎರಡೂ ಕಡೆ ಒದ್ದೆ.

0.03 ಟ್ಯಾಕ್ರೋಲಿಮಸ್, ಕಣ್ಣಿನ ಆಯಿಂಟ್ಮೆಂಟ್. ಚರ್ಮಕ್ಕೆ ಹಚ್ಚುವುದೂ ಅದೇ ಹೆಸರಿನಲ್ಲಿ ಸಿಗುತ್ತದೆ. ಅಂಗಡಿಯವರು ಅದನ್ನೇ ಕೊಡಲು ನೋಡುತ್ತಾರೆ, ಟ್ಯೂಬಿನ ಮೇಲೆ ಓದಿಕೊಳ್ಳಿ. ಬೆಲೆ ಮುನ್ನೂರು ಚಿಲ್ಲರೆ, ನಮಗೆ ತಿಂಗಳು ಹತ್ತಿರ ಬರುತ್ತದೆ.

ಮೊದಲ ತಿಂಗಳು ಏನೂ ಆಗಲಿಲ್ಲ. ಹೆಚ್ಚಿನವರು ಬಿಡುವುದು ಇಲ್ಲೇ. ಆರನೇ ವಾರದ ಹೊತ್ತಿಗೆ 4. ನಾನು ನಂಬದೆ ಮಾರನೇ ದಿನ ಮತ್ತೆ ಇಟ್ಟೆ, 5 ಬಂತು. ಮೂರು ತಿಂಗಳಿಗೆ 9.

ಔಷಧಿಗಿಂತ ಕೆಲಸ ಮಾಡಿದ್ದು ಗಡಿಯಾರ ಅಂತ ನನ್ನ ನಂಬಿಕೆ. ಬೆಳಗ್ಗೆ ಏಳು, ರಾತ್ರಿ ಏಳು, ಅಷ್ಟೇ. ಮೊದಲು ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಗೀಜು ಪೂರ್ತಿ ತೆಗೆಯಬೇಕು. ಗೀಜಿನ ಮೇಲೆ ಹಚ್ಚಿದ ಔಷಧಿ ಗೋಡೆಗೆ ಹಚ್ಚಿದ ಹಾಗೆ. ಆಮೇಲೆ ತೇವದ ಡ್ರಾಪ್ಸ್, ಹತ್ತು ನಿಮಿಷ ಬಿಟ್ಟು ಆಯಿಂಟ್ಮೆಂಟ್. ತಿರುವುಮುರುವು ಮಾಡಿದರೆ ಡ್ರಾಪ್ಸ್ ಜಾರಿಹೋಗುತ್ತದೆ. ಹಗಲಲ್ಲಿ ಇನ್ನೂ ಮೂರು ನಾಲ್ಕು ಸಲ ತೇವದ ಡ್ರಾಪ್ಸ್. ಕೆಡದಂತೆ ರಾಸಾಯನಿಕ ಸೇರಿಸಿದ ಡ್ರಾಪ್ಸ್ ಇಷ್ಟು ಸಲ ಹಾಕಿದರೆ ಕಣ್ಣು ಉರಿಯುತ್ತದೆ, ಅದು ಇಲ್ಲದ ಹೈಯಲುರೊನೇಟ್ ಅನ್ನುವ ತೇವದ ಡ್ರಾಪ್ಸ್ ತಂದೆ. ದುಬಾರಿ, ಮುನ್ನೂರೈವತ್ತರ ಮೇಲೆ. ಉಳಿಸಬೇಕಾದರೆ ಬೇರೆ ಕಡೆ ಉಳಿಸಿ.

ಹಿಡಿಯುವ ರೀತಿ: ನಾಯಿಯ ಬೆನ್ನು ನಿಮ್ಮ ಹೊಟ್ಟೆಗೆ, ಟ್ಯೂಬ್ ತಲೆಯ ಹಿಂದಿನಿಂದ ಬರಬೇಕು, ಮುಂದಿನಿಂದ ಬರಬಾರದು. ಇನ್ನೊಂದು ಪಟ್ಟು ಇದೆ. ಅದನ್ನು ತೋರಿಸಬಹುದು, ಬರೆಯಲು ಬರಲ್ಲ. ಮೈದಾನಕ್ಕೆ ಬಂದರೆ ತೋರಿಸುತ್ತೇನೆ. ಮುಗಿದ ತಕ್ಷಣ ಸೌತೆಕಾಯಿ ತುಂಡು. ಈಗ ಏಳು ಗಂಟೆಗೆ ರಾಗಿಯೇ ಬಂದು ಕೂರುತ್ತಾಳೆ.

ಸ್ಟ್ರಿಪ್ ಮನೆಯಲ್ಲೇ ಇಡಲು ಡಾಕ್ಟರೇ ಕಲಿಸಿದರು. ನೂರರ ಪೊಟ್ಟಣ ನಾನೂರೋ ಐನೂರೋ ಆಯಿತು. ತುದಿ ಬೆರಳಿಗೆ ತಾಗಬಾರದು, ಬೆರಳಿನ ಎಣ್ಣೆ ಲೆಕ್ಕ ಕೆಡಿಸುತ್ತದೆ. ಬೆಳಗಿನ ಡ್ರಾಪ್ಸ್‌ಗೆ ಮುಂಚೆಯೇ ಅಳೆಯಬೇಕು. ಒಂದು ನಿಮಿಷ, ತೆಗೆದ ಕೂಡಲೇ ಓದಬೇಕು, ಒದ್ದೆ ಆಮೇಲೂ ತೆವಳುತ್ತಿರುತ್ತದೆ. ಸುಮ್ನೆ ಕುತೂಹಲಕ್ಕೆ ನನ್ನ ಕಣ್ಣಿಗೂ ಇಟ್ಟುಕೊಂಡೆ. ಮನುಷ್ಯರಿಗೆ ಐದು ನಿಮಿಷ ಇಡಬೇಕು. ನನ್ನದು ಹತ್ತೂ ದಾಟಲಿಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಕೂತವನ ಕಣ್ಣು, ಇನ್ನೇನು! ಹೆಂಡತಿ ಅದೇ ಡ್ರಾಪ್ಸ್ ನಿಮಗೂ ಹಾಕ್ತೀನಿ ಬನ್ನಿ ಅಂದಳು.

ಬೇರೆ ಪ್ರಯೋಗಗಳೂ ನಡೆದವು. ಮೀನೆಣ್ಣೆ ಕ್ಯಾಪ್ಸೂಲ್ ಕೊಟ್ಟೆ, ಕಣ್ಣಿಗೆ ಏನಾಯಿತೋ ತಿಳಿಯಲಿಲ್ಲ, ಹೊಟ್ಟೆ ಮಾತ್ರ ಕೆಟ್ಟಿತು. ಹುಣ್ಣಿನ ಕಾಲದಲ್ಲಿ ಅವಳದೇ ರಕ್ತದ ಸೀರಂ ತೆಗೆದು ಡ್ರಾಪ್ಸ್ ಮಾಡಿಕೊಟ್ಟಿದ್ದರು, ಅದು ಹುಣ್ಣಿಗೆ ಒಳ್ಳೆಯದು, ಒಣಗಣ್ಣಿಗೆ ಪರಿಹಾರವಲ್ಲ. ಫ್ರಿಜ್ಜಿನಲ್ಲಿ ಇಡಬೇಕು, ಬೇಗ ಕೆಡುತ್ತದೆ. ಫ್ಯಾನಿನ ನೇರಕ್ಕೆ ಇದ್ದ ಅವಳ ಹಾಸಿಗೆಯನ್ನು ಮೂಲೆಗೆ ಸರಿಸಿದ್ದು ಬಿಟ್ಟಿ ಉಪಾಯ, ಬೆಳಗಿನ ಗೀಜು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು.

ಒಂದು ಸಲ ಊರಲ್ಲಿ ಟ್ಯಾಕ್ರೋಲಿಮಸ್ ಎಲ್ಲೂ ಸಿಗಲಿಲ್ಲ. ಒಂದು ವಾರದ ಮೇಲೆ ಬಿಟ್ಟುಹೋಯಿತು. 9 ಇದ್ದದ್ದು 5ಕ್ಕೆ ಇಳಿಯಿತು. ಮತ್ತೆ ಮೇಲೇರಲು ತಿಂಗಳು ಹಿಡಿಯಿತು. ಈಗ ಒಂದು ಟ್ಯೂಬ್ ತೆರೆದಿದ್ದರೆ ಎರಡು ಕಪಾಟಿನಲ್ಲಿರುತ್ತವೆ. ಇದು ಜೀವನಪೂರ್ತಿ ಹಾಕುವ ಔಷಧಿ. ಗುಣವಾಯಿತು ಅಂತ ನಿಲ್ಲಿಸುವಂತಿಲ್ಲ.

ದುಡ್ಡಿನ ಲೆಕ್ಕ: ತಿಂಗಳಿಗೆ ಸಾವಿರದ ಇನ್ನೂರರಿಂದ ಸಾವಿರದ ಐನೂರು, ಎರಡು ತಿಂಗಳಿಗೊಮ್ಮೆ ಬೆಂಗಳೂರಿನ ಕ್ಯಾಬ್, ಫೀಸು ಸೇರಿ ನಾಲ್ಕು ಸಾವಿರ. ವರ್ಷಕ್ಕೆ ನಲವತ್ತು ಸಾವಿರ ಅನ್ನಿ. ಅಂದರೆ ನಾಲ್ಕು ವರ್ಷ ಬದುಕಿದರೆ ಆಪರೇಷನ್ನಿಗಿಂತ ಜಾಸ್ತಿಯೇ ಆಗುತ್ತದೆ. ಜಿಪುಣ ಅಂದವರಿಗೆ ಇದನ್ನೇ ತೋರಿಸಿದೆ. ಕಪ್ಪು ಪದರ ಪೂರ್ತಿ ಹೋಗಿಲ್ಲ, ತೆಳುವಾಗಿದೆ. ಚೆಂಡು ಎಡಗಡೆಯಿಂದ ಎಸೆದರೂ ಹಿಡಿಯುತ್ತಾಳೆ. ಡಾಕ್ಟರು ಆಪರೇಷನ್ ಮಾತು ಫೈಲಿನಿಂದ ತೆಗೆದಿಲ್ಲ, 5ಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ ನೋಡೋಣ ಅಂತ ಬರೆದಿದ್ದಾರೆ. ಅಷ್ಟರೊಳಗೆ ಹಲ್ಲು ಕ್ಲೀನ್ ಮಾಡಿಸಿ ಇಟ್ಟಿದ್ದೇನೆ.