ಏರ್‌ಬ್ಯಾಗ್ ಲೈಟು ಆರುತ್ತಿಲ್ಲವಾ? ಮೊದಲು ಎಡ ಸೀಟಿನ ಕೆಳಗೆ ಬಗ್ಗಿ ನೋಡಿ

ಕಾರಿನ ಕೀ ತಿರುಗಿಸಿದ ಕೂಡಲೇ ಮೀಟರ್‌ನಲ್ಲಿ ಒಂದು ಪುಟ್ಟ ಗುರುತು ಹೊತ್ತಿಕೊಳ್ಳುತ್ತದೆ. ಕೂತಿರುವ ಮನುಷ್ಯ, ಅವನ ಮುಂದೆ ಒಂದು ದುಂಡನೆ ಬಲೂನು. ಅದೇ ಏರ್‌ಬ್ಯಾಗ್ ಲೈಟು. ಕೆಲವು ಸೆಕೆಂಡ್ ಉರಿದು ತಾನಾಗಿಯೇ ಆರಬೇಕು. ಆರದೆ ಹಾಗೇ ನಿಂತರೆ, ಅಥವಾ ಓಡಿಸುವಾಗ ದಾರಿ ಮಧ್ಯೆ ಹೊತ್ತಿಕೊಂಡರೆ, ಏರ್‌ಬ್ಯಾಗ್ ಕಂಪ್ಯೂಟರಿಗೆ ಎಲ್ಲೋ ಒಂದು ಕಡೆ ತಪ್ಪು ಕಂಡಿದೆ ಎಂದು ಅರ್ಥ. ಆ ಸ್ಥಿತಿಯಲ್ಲಿ ಗಾಡಿ ಗುದ್ದಿದರೆ ಬ್ಯಾಗ್ ಬಿಚ್ಚಿಕೊಳ್ಳದೇ ಇರಬಹುದು. ಹಾಗಾಗಿ 'ಗಾಡಿ ಓಡ್ತಿದೆಯಲ್ಲ, ನೋಡೋಣ ಬಿಡಿ' ಎಂದು ತಿಂಗಳುಗಟ್ಟಲೆ ತಳ್ಳಬೇಡಿ.

ಕಳೆದ ಮಳೆಗಾಲದಲ್ಲಿ ನಮ್ಮ ಭಾವನ ಕಾರಿನಲ್ಲಿ ಹೀಗೇ ಆಯಿತು. ಗ್ಯಾರೇಜಿನಲ್ಲಿ ಸೀಟ್ ಸೆನ್ಸರ್ ಹೋಗಿದೆ, ಕುಶನ್ ಸಮೇತ ಬದಲಿಸಬೇಕು ಎಂದರು. ಮನೆಗೆ ತಂದು ಟಾರ್ಚ್ ಬಿಟ್ಟು ನೋಡಿದರೆ, ಡ್ರೈವರ್ ಪಕ್ಕದ ಎಡ ಸೀಟಿನ ಕೆಳಗೆ ಒಂದು ಮಡಚುವ ಕೊಡೆ, ಅದರ ಕಡ್ಡಿ ನೇರವಾಗಿ ವೈರಿನ ಕಟ್ಟಿಗೆ ಸಿಕ್ಕಿಕೊಂಡಿತ್ತು. ಸೀಟನ್ನು ಹಿಂದೆ ಮುಂದೆ ಜರುಗಿಸಿದಾಗಲೆಲ್ಲ ವೈರು ಎಳೆದು ಎಳೆದು, ಎರಡು ವೈರಿನ ತುದಿಗಳನ್ನು ಜೋಡಿಸುವ ಪ್ಲಾಸ್ಟಿಕ್ ಕಪ್ಲರ್ ಅರ್ಧ ಬಿಚ್ಚಿಕೊಂಡಿತ್ತು. ಅದಕ್ಕೇ ಹೇಳುತ್ತಿರುವುದು, ಸೆನ್ಸರ್ ಬದಲಿಸುವ ಮಾತು ಕೊನೆಗಿರಲಿ.

ಸೀಟಿನಲ್ಲಿ ಏನಿದೆ?

ಸೀಟಿನ ಬಟ್ಟೆ ಅಥವಾ ರೆಕ್ಸಿನ್ ಕೆಳಗೆ, ಸ್ಪಂಜಿನ ಮೇಲೆ, ಒಂದು ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದೇ ಸೀಟ್ ಸೆನ್ಸರ್. ಭಾರ ಬಿದ್ದರೆ ಯಾರೋ ಕೂತಿದ್ದಾರೆ ಎಂದು ಅದು ಹೇಳುತ್ತದೆ. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಕಾರುಗಳಲ್ಲಿ ಇದರ ಮುಖ್ಯ ಕೆಲಸ ಬೆಲ್ಟ್ ಹಾಕಿಲ್ಲ ಎಂದು ಬೀಪ್ ಮಾಡಿಸುವುದು. ಅಮೆರಿಕದಲ್ಲಿರುವ ನಮ್ಮವರ ಕಾರುಗಳ ಕಥೆ ಬೇರೆ. ಅಲ್ಲಿ ಈ ವ್ಯವಸ್ಥೆ ಕೂತವರ ಭಾರ ಅಳೆದು, ಸೀಟು ಖಾಲಿ ಇದ್ದರೆ ಅಥವಾ ಪುಟ್ಟ ಮಗು ಕೂತಿದ್ದರೆ ಎದುರಿನ ಏರ್‌ಬ್ಯಾಗನ್ನೇ ಆಫ್ ಮಾಡುತ್ತದೆ. ಕೆಲವು ಕಾರುಗಳಲ್ಲಿ ಡ್ರೈವರ್ ಪಕ್ಕದ ಸೀಟಿನ ಏರ್‌ಬ್ಯಾಗನ್ನು ಕೀಯಿಂದ ಆಫ್ ಮಾಡುವ ಸ್ವಿಚ್ ಇರುತ್ತದೆ. ಅದನ್ನು ಯಾರಾದರೂ ತಿರುಗಿಸಿ ಮರೆತಿದ್ದರೂ ಆಫ್ ಎಂಬ ದೀಪ ಉರಿಯುತ್ತದೆ, ಒಮ್ಮೆ ನೋಡಿಬಿಡಿ. ಲ್ಯಾಪ್‌ಟಾಪ್ ಬ್ಯಾಗು, ತರಕಾರಿ ಚೀಲ ಇಟ್ಟಾಗ ಬೀಪ್ ಬಂದರೆ ಅದು ದೋಷವಲ್ಲ, ಸೆನ್ಸರ್ ಸರಿಯಾಗಿದೆ ಎಂಬುದರ ಗುರುತು.

ಮೊದಲು ಕೋಡ್ ಓದಿಸಿ

ತಪ್ಪು ಕಂಡಾಗ ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ದೋಷದ ಗುರುತೇ ಕೋಡ್, ಅದನ್ನು ಸ್ಕ್ಯಾನರ್‌ನಿಂದ ಓದಬೇಕು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಡಬ್ಬಿಗಳು ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಎಸ್‌ಆರ್‌ಎಸ್, ಅಂದರೆ ಏರ್‌ಬ್ಯಾಗ್ ವ್ಯವಸ್ಥೆಯನ್ನು, ಓದುವ ಸ್ಕ್ಯಾನರ್ ಬೇಕು. ಏರ್‌ಬ್ಯಾಗ್ ಕೋಡ್‌ಗಳು ಹೆಚ್ಚಾಗಿ 'ಬಿ' ಅಕ್ಷರದಿಂದ ಶುರುವಾಗುತ್ತವೆ. ಕ್ಲಿಯರ್ ಮಾಡುವ ಮುಂಚೆ ಕೋಡನ್ನೂ ಅದರ ಪಕ್ಕದ ವಿವರಣೆಯನ್ನೂ ಫೋಟೋ ತೆಗೆದುಕೊಳ್ಳಿ. ದೋಷ ಈಗಲೂ ಇದೆಯಾ, ಹಿಂದೆಂದೋ ಬಂದು ಹೋದದ್ದಾ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಓಪನ್ ಸರ್ಕ್ಯೂಟ್ (ಕರೆಂಟಿನ ದಾರಿ ಕಡಿದಿದೆ) ಅಥವಾ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) ಜಾಸ್ತಿ ಎಂದು ತೋರಿಸಿದರೆ ಸಡಿಲ ಕಪ್ಲರ್, ತುಂಡಾದ ವೈರ್ ಕಡೆ ಅನುಮಾನ ಹೋಗಲಿ. ವೋಲ್ಟೇಜ್ ಕಡಿಮೆ ಎಂದಿದ್ದರೆ ಮೊದಲು ಬ್ಯಾಟರಿ ಚೆಕ್ ಮಾಡಿಸಿ.

ಕೈ ಹಾಕುವ ಮುಂಚೆ

ಇಲ್ಲಿ ಅವಸರ ಬೇಡವೇ ಬೇಡ. ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಪಕ್ಕಕ್ಕೆ ಸರಿಸಿ. ಬಿಚ್ಚಿದ ಕೂಡಲೇ ಕೆಲಸ ಶುರು ಮಾಡಬೇಡಿ. ಗುದ್ದಿದ ಏಟಿಗೆ ಬ್ಯಾಟರಿ ಕಿತ್ತುಹೋದರೂ ಬ್ಯಾಗ್ ಬಿಚ್ಚಲಿ ಎಂದು ಏರ್‌ಬ್ಯಾಗ್ ಕಂಪ್ಯೂಟರ್ ಸ್ವಲ್ಪ ಕರೆಂಟನ್ನು ತನ್ನೊಳಗೇ ಹಿಡಿದಿಟ್ಟುಕೊಂಡಿರುತ್ತದೆ, ಅದು ಇಳಿಯುವವರೆಗೆ ಕಾಯಬೇಕು. ಎಷ್ಟು ಹೊತ್ತು ಎಂಬುದು ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ನಾನಂತೂ ಹತ್ತು ನಿಮಿಷ ಸುಮ್ನೆ ಕೂರುತ್ತೇನೆ. ಇನ್ನೊಂದು ಮಾತು: ಹಳದಿ ಕಪ್ಲರ್‌ಗೆ ಮಲ್ಟಿಮೀಟರ್ ಹಚ್ಚಲೇಬೇಡಿ. ಅದು ಏರ್‌ಬ್ಯಾಗಿಗೋ, ಬೆಲ್ಟನ್ನು ಬಿಗಿ ಎಳೆಯುವ ಪ್ರಿಟೆನ್ಷನರ್‌ಗೋ ಹೋಗುವ ಲೈನ್. ಮೀಟರ್ ಕಳಿಸುವ ಕರೆಂಟಿಗೇ ಅದು ಸಿಡಿಯುವ ಅಪಾಯವಿದೆ. ಬ್ಯಾಗ್ ಬಿಚ್ಚಿಕೊಳ್ಳುವುದು ಕಣ್ಣು ರೆಪ್ಪೆ ಹೊಡೆಯುವಷ್ಟು ಹೊತ್ತಿನೊಳಗೆ, ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಈಗ ಬಗ್ಗಿ ನೋಡಿ

ಸೀಟ್ ಕೆಳಗಿನ ಬಾಟಲಿ, ಕೊಡೆ, ಆಟಿಕೆ ಎಲ್ಲ ತೆಗೆಯಿರಿ. ಟಾರ್ಚ್ ಹಿಡಿದು ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನಿಧಾನಕ್ಕೆ ನೋಡುತ್ತಾ ಹೋಗಿ. ಸೀಟ್ ಜರುಗುವ ಹಳಿಯ ಪಕ್ಕ ವೈರ್ ಉಜ್ಜಿ ಸಿಪ್ಪೆ ಸುಲಿದಿದೆಯಾ? ಇಲಿ ಕಡಿದ ಗುರುತು ಇದೆಯಾ? ಕಾರ್ಪೆಟ್ ಮೇಲೆ ಅಂಗೈ ಒತ್ತಿ, ತೇವ ತಾಗುತ್ತದಾ ನೋಡಿ. ನಮ್ಮ ಮಲೆನಾಡು, ಕರಾವಳಿ ಕಡೆ ಮಳೆಗಾಲದಲ್ಲಿ ಕಾಲಿನ ಬೂಟಿನ ನೀರು ಕಾರ್ಪೆಟ್ಟಿಗೆ ಇಳಿದು ವಾರಗಟ್ಟಲೆ ಒಣಗುವುದಿಲ್ಲ. ಆಮೇಲೆ ಕಪ್ಲರ್ ಬಿಚ್ಚಿ ಒಳಗೆ ನೋಡಿ. ಪಿನ್ ಹೊಳೆಯುತ್ತಿರಬೇಕು. ತಾಮ್ರದ ಚೊಂಬಿಗೆ ಹಿಡಿಯುತ್ತದಲ್ಲ, ಅಂಥದ್ದೇ ಹಸಿರು ಕಿಲುಬು ಕಂಡರೆ ನಿಮ್ಮ ದೋಷ ಅಲ್ಲೇ ಇರುವ ಸಾಧ್ಯತೆ ಜಾಸ್ತಿ. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಪೂರ್ತಿ ಒಣಗಲು ಬಿಟ್ಟು, 'ಟಕ್' ಎನ್ನುವವರೆಗೆ ಒತ್ತಿ. ಲಾಕ್ ಕೂತಿದೆಯಾ ಎಂದು ಬೆರಳಲ್ಲಿ ಮುಟ್ಟಿ ನೋಡಿ. ಏರ್‌ಬ್ಯಾಗ್ ವೈರ್ ತುಂಡಾಗಿದ್ದರೆ ಟೇಪ್ ಸುತ್ತಿ ಸುಮ್ಮನಾಗಬೇಡಿ, ಅದು ಕಂಪನಿ ಸರ್ವಿಸ್ ಸೆಂಟರಿನ ಕೆಲಸ.

ಎಲ್ಲ ಕಪ್ಲರ್ ಕೂತ ಮೇಲೇ ಬ್ಯಾಟರಿ ಜೋಡಿಸಿ, ಕೀ ಹಾಕಿ. ಕಪ್ಲರ್ ಬಿಚ್ಚಿಟ್ಟು ಕೀ ಹಾಕಿದರೆ ಹೊಸ ಕೋಡ್ ಒಂದು ಸೇರಿಕೊಳ್ಳುತ್ತದೆ. ಸ್ಕ್ಯಾನರ್‌ನಲ್ಲಿ ಹಳೇ ಕೋಡ್ ಅಳಿಸಿ, ಸೆನ್ಸರ್ ಆ ಕ್ಷಣಕ್ಕೆ ಏನು ಹೇಳುತ್ತಿದೆ ಎಂದು ತೋರಿಸುವ ಲೈವ್ ಡೇಟಾ ತೆರೆಯಿರಿ. ಸೀಟ್ ಖಾಲಿ ಇದ್ದಾಗ ಖಾಲಿ ಎಂದೂ, ದೊಡ್ಡವರೊಬ್ಬರು ಕೂತಾಗ ತುಂಬಿದೆ ಎಂದೂ ತೋರಿಸಬೇಕು. ಈಗ ಕಪ್ಲರ್ ಮುಟ್ಟದೆ ಸೀಟನ್ನು ಮಾತ್ರ ಹಿಂದೆ ಮುಂದೆ ಜರುಗಿಸಿ. ಜರುಗಿಸಿದಂತೆ ಸ್ಕ್ಯಾನರ್ ತೋರಿಸುವುದು ಬದಲಾದರೆ ವೈರಿಂಗ್ ದೋಷ. ಯಾರು ಕೂತರೂ ಖಾಲಿ ಎಂದೇ ತೋರಿಸಿ, ವೈರು ಕಪ್ಲರ್ ಎಲ್ಲ ಸರಿಯಿದ್ದರೆ, ಆಗ ಹಾಳೆಯನ್ನೇ ಅನುಮಾನಿಸಬಹುದು. ಮಂಡಿಯೂರಿ ಸೀಟ್ ಹತ್ತುವುದು, ನೀರು, ಕಾಫಿ ಚೆಲ್ಲುವುದು, ಇವೆಲ್ಲ ಅದನ್ನು ಕೆಡಿಸುತ್ತವೆ. ಭಾರ ಅಳೆಯುವ ಬಗೆಯ ಸೆನ್ಸರ್ ಇರುವ ಕಾರಾದರೆ, ಸೀಟ್ ಬಿಚ್ಚಿ ಕೂರಿಸಿದ ಮೇಲೆ ಖಾಲಿ ಸೀಟಿನಲ್ಲಿ ಜೀರೋ ಸೆಟ್ಟಿಂಗ್ ಮಾಡಿಸಬೇಕಾಗಬಹುದು. ಅದನ್ನು ಮರೆತರೆ ಹೊಸ ಸೆನ್ಸರ್ ಹಾಕಿಯೂ ಲೈಟು ಆರುವುದಿಲ್ಲ.

ಒಂದು ಮೋಸದ ಬಗ್ಗೆ ಮಾತ್ರ ಎಚ್ಚರ. ಏರ್‌ಬ್ಯಾಗ್ ಲೈನಿಗೆ ಸಣ್ಣ ರೆಸಿಸ್ಟರ್ ಜೋಡಿಸಿದರೆ, ಬ್ಯಾಗ್ ಇದೆ ಎಂದು ಕಂಪ್ಯೂಟರ್ ನಂಬುತ್ತದೆ, ಲೈಟು ಆರುತ್ತದೆ, ಆದರೆ ಬ್ಯಾಗ್ ಬಿಚ್ಚುವುದಿಲ್ಲ. ಇನ್ನು ಕೆಲವರು ಬಲ್ಬನ್ನೇ ತೆಗೆದಿರುತ್ತಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಕೀ ಹಾಕಿದಾಗ ಲೈಟು ಒಮ್ಮೆ ಹೊತ್ತಿ ಆರುತ್ತದಾ ಎಂದು ನೋಡಲೇಬೇಕು. ರಿಪೇರಿ ಮುಗಿದ ಮೇಲೆ ಯಾವ ಭಾಗ ಬದಲಿಸಿದಿರಿ ಎಂದು ಕೇಳಿ ಹಳೇ ಭಾಗ ವಾಪಸ್ ತೆಗೆದುಕೊಳ್ಳಿ, ನಿಮ್ಮ ಎದುರೇ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ಅಲ್ಲಿಯವರೆಗೆ ಮನೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಅಲ್ಲೂ ಬೆಲ್ಟ್ ಹಾಕಿಸಿ.