ಗಬಗಬ ತಿನ್ನುವ ಕುದುರೆಗೆ ಬಾನಿಯಲ್ಲಿ ಕಲ್ಲು

ಕಾಳನ್ನು ಗಬಗಬ ನುಂಗುವ ಕುದುರೆ ಇದ್ದರೆ ಬಾನಿಯಲ್ಲಿ ಮೂರ್ನಾಲ್ಕು ದೊಡ್ಡ ನುಣುಪು ಕಲ್ಲು ಇಟ್ಟು, ಅದರ ಸುತ್ತ ಕಾಳು ಸುರಿಯಿರಿ. ಮೂತಿಯಿಂದ ಕಲ್ಲು ಸರಿಸಿ ಸರಿಸಿ ತಿನ್ನಬೇಕು, ಹಾಗಾಗಿ ಒಮ್ಮೆಗೇ ಬಾಯಿ ತುಂಬ ಸಿಗುವುದಿಲ್ಲ. ಕುದುರೆಗೆ ಜೊಲ್ಲು ಬರುವುದು ಅಗಿಯುವಾಗಲೇ ಅಲ್ವಾ? ನಿಧಾನಕ್ಕೆ ಅಗಿದಷ್ಟೂ ಕಾಳು ಚೆನ್ನಾಗಿ ನೆನೆಯುತ್ತದೆ, ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಭಯ ಕಡಿಮೆ. ಕಲ್ಲು ಮಾತ್ರ ಬಾಯಿಗೆ ಹಿಡಿಯದಷ್ಟು ದೊಡ್ಡದಿರಲಿ. ಚಿಕ್ಕದಾದರೆ ಹಲ್ಲಿಗೇ ಅಪಾಯ. ಚೂಪು ಅಂಚು ಬೇಡವೇ ಬೇಡ. ಆಗಾಗ ತೊಳೆಯಿರಿ, ಅಡಿಯಲ್ಲಿ ಉಳಿದ ಕಾಳು ಹುಳಿಯುತ್ತದೆ. ಬಾನಿಯನ್ನೇ ಮಗುಚಿ ಹಾಕುವ ತುಂಟ ಕುದುರೆಯ ಹತ್ತಿರ ಈ ಉಪಾಯ ನಡೆಯುವುದಿಲ್ಲ, ಅದಕ್ಕೆ ಅಗಲವಾದ ಬಾನಿಯಲ್ಲಿ ತೆಳ್ಳಗೆ ಹರಡುವುದೇ ವಾಸಿ. ಹಲ್ಲು ಸವೆದ ಮುದಿ ಕುದುರೆಗೂ ಸುಮ್ನೆ ಕಾಟ. ಅದಕ್ಕೆ ಮೇವು ನೆನೆಸಿ ಮೆತ್ತಗೆ ಮಾಡಿ ಕೊಡಿ.